ಅಜ್ಜನ ಬುಲೆಟ್ಟಿಗೆ ಆಯಿಲ್ ಕೂಲರ್

ಅಜ್ಜನ ಕಾಲದ ಬುಲೆಟ್ ಬೈಕನ್ನು ಉಳಿಸಿಕೊಂಡ ಮನೆಗಳು ನಮ್ಮ ಕಾಸರಗೋಡಿನಲ್ಲಿ ಇನ್ನೂ ಇವೆ. ಗುಡ್ಡದ ಏರಿನಲ್ಲಿ ಅದರ ಎರಕದ ಕಬ್ಬಿಣದ ಸಿಲಿಂಡರು ವಿಪರೀತ ಕಾಯುತ್ತದೆ. ಎಣ್ಣೆ ತೆಳುವಾಗಿ ಬೇರಿಂಗುಗಳಿಗೆ ರಕ್ಷಣೆ ತಗ್ಗುತ್ತದೆ. ಮೊದಲು ರೆಕ್ಕೆಗಳ ಕೆಸರು ತೊಳೆದು, ಇಗ್ನಿಷನ್ ಟೈಮಿಂಗ್ ಮತ್ತು ಕಾರ್ಬ್ಯುರೇಟರನ್ನು ಪರೀಕ್ಷಿಸಬೇಕು. ಆಮೇಲೂ ಕಾದರೆ ಆಯಿಲ್ ಕೂಲರ್. ಅದನ್ನು ಮರಳುವ ಎಣ್ಣೆಯ ಹಾದಿಯಲ್ಲಿ ಜೋಡಿಸುವುದು ಕ್ಷೇಮ. ಬೇರಿಂಗಿನತ್ತ ಸಾಗುವ ಎಣ್ಣೆಗೆ ಅಡ್ಡಿಯಾಗದು. ಎಣ್ಣೆ ಅತಿಯಾಗಿ ತಣಿದರೂ ಕೇಡೇ: ಒಳಗಿನ ತೇವ ಆವಿಯಾಗದೆ ಉಳಿಯುತ್ತದೆ. ಆದ್ದರಿಂದ ಥರ್ಮೋಸ್ಟಾಟ್ ಅಗತ್ಯ.

ಇನ್ನು ಕಾನೂನು. 2021ರ ವಿಂಟೇಜ್ ವಾಹನ ನಿಯಮಗಳು ನೋಂದಣಿಯಾಗಿ 50 ವರ್ಷ ಮೀರಿದ, ಮೂಲರೂಪದಲ್ಲಿರುವ ವಾಹನಕ್ಕೆ ಮಾತ್ರ ಅನ್ವಯಿಸುತ್ತವೆ. ಚಾಸಿ, ಹೊರಕವಚ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡಾದರೆ ಆ ಅರ್ಹತೆ ತಪ್ಪುತ್ತದೆ. ಕೂಲರಿಗಾಗಿ ಎಂಜಿನ್ನನ್ನೇ ಕೊರೆದರೆ ಆಕ್ಷೇಪಕ್ಕೆ ಆಸ್ಪದವಾದೀತು. ಬಿಚ್ಚಿ ತೆಗೆಯಬಲ್ಲ ಜೋಡಣೆಯೇ ಲೇಸು. ಮೂಲ ಬಿಡಿಭಾಗಗಳನ್ನೂ ಕಾದಿರಿಸಿಕೊಳ್ಳಿ.

ಇನ್ನೊಂದು ಮಾತು. ವಿಂಟೇಜ್ ಎಂದು ನೋಂದಾಯಿಸಿದ ವಾಹನವನ್ನು ಪ್ರದರ್ಶನ, ರ‍್ಯಾಲಿ ಮುಂತಾದವುಗಳಿಗೆ ಬಳಸಬಹುದೇ ಹೊರತು ನಿತ್ಯದ ಓಡಾಟಕ್ಕಲ್ಲ. ಮಕ್ಕಳನ್ನು ಶಾಲೆಗೆ ಬಿಡುವುದು ಆ ಬೈಕಿನಲ್ಲೇ ಎಂದಾದರೆ, ಸಾಮಾನ್ಯ ನೋಂದಣಿಯನ್ನೇ ಕಾಲಕಾಲಕ್ಕೆ ನವೀಕರಿಸಿಕೊಳ್ಳುವುದು ಉಚಿತ.