ಅಂಕಿ ಓದುವವರು ಯಾರು?



ಜಾತ್ರೆಯಲ್ಲಿ ಉಚಿತ ಹೃದಯ ತಪಾಸಣಾ ಶಿಬಿರ ನಡೆಸುವ ಮಠಗಳಿವೆ. ಇಸಿಜಿ ತೆಗೆಯುತ್ತಾರೆ, ಮಾತ್ರೆ ಕೊಡುತ್ತಾರೆ, ಫೋಟೋ ಆಗುತ್ತದೆ. ಆದರೆ ಹೃದಯ ವೈಫಲ್ಯವೆಂಬ ಕಾಯಿಲೆಗೆ ವರ್ಷಕ್ಕೊಂದು ದಿನ ಸಾಲದು. ಹೆಸರು ಕೇಳಿ ಹೃದಯ ನಿಂತೇ ಹೋಯಿತೆಂದು ಹೆದರುವವರಿದ್ದಾರೆ, ಹಾಗಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ಹೃದಯ ಪಂಪು ಮಾಡಲಾರದೆ ಮೈಯಲ್ಲಿ ನೀರು ನಿಲ್ಲುತ್ತದೆ. ಕಾಲು ಬಾಯುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ. ಆಸ್ಪತ್ರೆಯಲ್ಲಿ ನೀರಿಳಿಸಿ ಮನೆಗೆ ಕಳಿಸುತ್ತಾರೆ. ಮನೆಯಲ್ಲಿ ನಿಗಾ ಇಲ್ಲದಿದ್ದರೆ ಮತ್ತೆ ಅದೇ ಮಂಚ.

ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ಹಾಗಾಗಿ ನಿಂತ ನೀರು ಎಷ್ಟೋ ಸಲ ಕಣ್ಣಿಗಿಂತ ಮೊದಲು ತೂಕದ ಯಂತ್ರಕ್ಕೆ ಕಾಣುತ್ತದೆ. ಮೂರು ದಿನದಲ್ಲಿ 2 ಕಿಲೋಗಿಂತ ಹೆಚ್ಚು ಏರಿದರೆ ವೈದ್ಯರಿಗೆ ತಿಳಿಸಬೇಕು. ತೂಕ ನೋಡಬೇಕಾದದ್ದು ಬೆಳಗ್ಗೆ, ಮೂತ್ರ ಮಾಡಿ ಬಂದು, ಏನೂ ತಿನ್ನುವ ಮೊದಲು. ನಾವು ಇಷ್ಟಲಿಂಗ ಪೂಜೆಗೆ ಕೂಡುವ ಹೊತ್ತಿಗೆ ಮುಂಚೆ ಎಂದಿಟ್ಟುಕೊಂಡರೆ ಮರೆಯುವುದಿಲ್ಲ.

ಹಾಗೆಂದು ಮಠಗಳು ಯಂತ್ರ ಹಂಚಿ ಕೈತೊಳೆದುಕೊಳ್ಳಬಾರದು. ಅಮೆರಿಕದಲ್ಲಿ 1653 ರೋಗಿಗಳ ಮೇಲೆ ನಡೆದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಅದರಲ್ಲಿ ಅರ್ಧದಷ್ಟು ಜನ ದಿನವೂ ಸ್ವಯಂಚಾಲಿತ ಫೋನಿಗೆ ತಮ್ಮ ತೂಕ, ಲಕ್ಷಣ ಹೇಳಬೇಕಿತ್ತು. ಸಾವೂ ತಗ್ಗಲಿಲ್ಲ, ಆಸ್ಪತ್ರೆ ಸೇರುವುದೂ ತಗ್ಗಲಿಲ್ಲ. 2018ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನದಲ್ಲಿ ತೂಕ, ರಕ್ತದೊತ್ತಡ, ಇಸಿಜಿ ಮನೆಯಿಂದ ದಿನವೂ ಬರ್ಲಿನ್ನಿನ ಕೇಂದ್ರಕ್ಕೆ ಹೋಗುತ್ತಿದ್ದವು. ಅಲ್ಲಿ ಹಗಲುರಾತ್ರಿ ವೈದ್ಯರು, ದಾದಿಯರಿದ್ದರು. ಸಾಮಾನ್ಯ ಚಿಕಿತ್ಸೆಯವರಲ್ಲಿ ವರ್ಷಕ್ಕೆ ನೂರಕ್ಕೆ 11.3ರಷ್ಟಿದ್ದ ಸಾವು ಇವರಲ್ಲಿ 7.9. ಎರಡಕ್ಕೂ ಬೇರೆ ವ್ಯತ್ಯಾಸಗಳಿವೆ. ಆದರೂ ಎಂಜಿನಿಯರಾದ ನನಗೆ ಕಾಣುವುದು ಇದು: ಜಲಾಶಯದ ಮಾಪಕ ಎಷ್ಟೇ ನಿಖರವಾಗಿರಲಿ, ರಾತ್ರಿ ಎರಡಕ್ಕೆ ಅಂಕಿ ಓದಿ ಗೇಟು ಎತ್ತಿಸುವ ಮನುಷ್ಯ ಬೇಕು.

ನಮ್ಮ ಕೆಲವು ಮಠಗಳು ವೈದ್ಯಕೀಯ ಕಾಲೇಜನ್ನೇ ನಡೆಸುತ್ತಿವೆ. ಅವು ಒಬ್ಬೊಬ್ಬ ದಾದಿಯನ್ನು ಈ ಕಾಯಕಕ್ಕೆ ನೇಮಿಸಲಿ. ಸುತ್ತಲ ಹಳ್ಳಿಗಳ ಇಪ್ಪತ್ತು ರೋಗಿಗಳಿಂದ ಆರಂಭವಾಗಲಿ. ಒಂದು ಫೋನು, ಒಂದು ವಹಿ, ತೂಕ ಏರಿದರೆ ಮಾತ್ರೆ ಹೇಗೆ ಬದಲಿಸಬೇಕೆಂದು ವೈದ್ಯರು ಬರೆದುಕೊಟ್ಟ ಸೂಚನೆ. ಕರೆ ಬಾರದ ದಿನ ದಾದಿಯೇ ಕರೆ ಮಾಡಬೇಕು. ಪೂರ್ವಕರ್ಮವೆಂದು ಸುಮ್ಮನಾಗುವ ಮನೆಗಳಿಗೆ ಮೊದಲು. ದಾಸೋಹಕ್ಕೆ ಕಾಣಿಕೆ ಕೊಡುವ ಭಕ್ತರು ಈ ದಾದಿಯ ಸಂಬಳವನ್ನೂ ದಾಸೋಹವೆಂದೇ ಎಣಿಸಲಿ. ಇನ್ನು, ಪ್ರಸಾದದ ಪಂಕ್ತಿಯಲ್ಲಿ ಉಪ್ಪಿನಕಾಯಿ, ಹಪ್ಪಳವನ್ನು ಕೇಳಿದವರಿಗಷ್ಟೇ ಬಡಿಸುವುದಕ್ಕೆ ಯಾವ ಯಂತ್ರವೂ ಬೇಡ.