ನೆಪದ ತಡೆಗೆ ಕಡಿವಾಣ ಬೇಕು

ಅಮೆರಿಕದಲ್ಲಿ ಪೊಲೀಸ್ ಸುಧಾರಣೆಯ ಚರ್ಚೆ ಎದ್ದಾಗಲೆಲ್ಲ ತರಬೇತಿ, ಸಮವಸ್ತ್ರಕ್ಕೆ ಸಿಕ್ಕಿಸುವ ಕ್ಯಾಮೆರಾ, ಕಪ್ಪುವರ್ಣೀಯರ ನೇಮಕಾತಿ ಎಂಬ ಪರಿಹಾರಗಳೇ ಮುಂದೆ ಬರುತ್ತವೆ. ಇವು ವ್ಯರ್ಥವೆಂದಲ್ಲ, ಆದರೆ 2023ರ ಜನವರಿಯಲ್ಲಿ ಟೆನೆಸ್ಸಿ ರಾಜ್ಯದ ಮೆಂಫಿಸ್ ನಗರದಲ್ಲಿ ಟೈರ್ ನಿಕೋಲ್ಸ್ ಎಂಬ ಕಪ್ಪುವರ್ಣೀಯ ಯುವಕನನ್ನು ರಸ್ತೆಯಲ್ಲಿ ತಡೆದು ಥಳಿಸಿದಾಗ ಕ್ಯಾಮೆರಾಗಳು ಇದ್ದವು, ಹಲ್ಲೆಯ ಆರೋಪದ ಮೇಲೆ ಬಂಧಿತರಾದ ಐವರು ಪೊಲೀಸರೂ ಕಪ್ಪುವರ್ಣೀಯರೇ ಆಗಿದ್ದರು. ನಿಕೋಲ್ಸ್ ಮೂರು ದಿನಗಳ ನಂತರ ಮೃತಪಟ್ಟರು. ಅವರನ್ನು ತಡೆಯಲು ಕೊಟ್ಟ ಕಾರಣವಾದ ಅಜಾಗರೂಕ ಚಾಲನೆಗೆ ಪುರಾವೆ ದೊರೆಯಲಿಲ್ಲವೆಂದು ನಗರದ ಪೊಲೀಸ್ ಮುಖ್ಯಸ್ಥರೇ ಹೇಳಿದರು. ಹಾಗಾಗಿ ತಿದ್ದಬೇಕಾದುದು ಪೊಲೀಸರ ನಡತೆಯನ್ನಷ್ಟೇ ಅಲ್ಲ, ಯಾರನ್ನು ಯಾವ ಕಾರಣಕ್ಕೆ ತಡೆಯಬಹುದೆಂಬ ಅಧಿಕಾರದ ವ್ಯಾಪ್ತಿಯನ್ನೇ.

ಕೆಟ್ಟುಹೋದ ಹಿಂದೀಪದಂಥ ಕ್ಷುಲ್ಲಕ ಲೋಪವನ್ನು ಮುಂದಿಟ್ಟು, ವಾಸ್ತವದಲ್ಲಿ ಬೇರಾವುದೋ ಅಪರಾಧದ ಶಂಕೆಯಿಂದ ವಾಹನ ನಿಲ್ಲಿಸುವುದನ್ನು ‘ನೆಪದ ತಡೆ’ ಎನ್ನಬಹುದು. ಸಂಚಾರ ನಿಯಮ ಮುರಿದಿರುವುದಕ್ಕೆ ಆಧಾರವಿದ್ದರೆ ಸಾಕು, ಅಧಿಕಾರಿಯ ಮನಸ್ಸಿನ ಉದ್ದೇಶ ಏನೇ ಇದ್ದರೂ ತಡೆ ಅಸಾಂವಿಧಾನಿಕವಾಗದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1996ರ ವ್ರೆನ್ ಪ್ರಕರಣದಲ್ಲಿ ಸರ್ವಾನುಮತದಿಂದ ತೀರ್ಪಿತ್ತಿತು. ಸಂಚಾರ ನಿಯಮಗಳು ಅಸಂಖ್ಯವಾಗಿರುವಾಗ ಯಾವ ಚಾಲಕನಲ್ಲಿಯೂ ಒಂದಲ್ಲ ಒಂದು ಲೋಪ ಹುಡುಕಲು ಸಾಧ್ಯವಿರುವುದರಿಂದ, ಈ ತೀರ್ಪು ಆಯ್ಕೆಯನ್ನು ಪೂರ್ತಿಯಾಗಿ ಪೊಲೀಸರ ಕೈಗೆ ಒಪ್ಪಿಸಿತು.

ಆ ಆಯ್ಕೆ ಯಾರ ಮೇಲೆ ಬೀಳುತ್ತದೆಂಬುದು ಮಿಸೌರಿ ರಾಜ್ಯದ ಫರ್ಗುಸನ್ ಕುರಿತು ಕೇಂದ್ರ ನ್ಯಾಯ ಇಲಾಖೆ 2015ರಲ್ಲಿ ನೀಡಿದ ವರದಿಯಲ್ಲಿ ನಿಚ್ಚಳವಾಗಿದೆ. ಊರಿನ ಜನಸಂಖ್ಯೆಯಲ್ಲಿ ಕಪ್ಪುವರ್ಣೀಯರು ಶೇ 67ರಷ್ಟಿದ್ದರೆ, ತಡೆಯಲ್ಪಟ್ಟ ಚಾಲಕರಲ್ಲಿ ಅವರ ಪಾಲು ಶೇ 85, ಬಂಧಿತರಲ್ಲಿ ಶೇ 93. ಪುರಸಭೆಯೇ ದಂಡದ ಹಣವನ್ನು ಆದಾಯದ ಮೂಲವಾಗಿ ನೆಚ್ಚಿಕೊಂಡಿದ್ದುದು ಇದಕ್ಕೊಂದು ಮುಖ್ಯ ಕಾರಣ.

ತಡೆಗಳು ಕಡಿಮೆಯಾದರೆ ಅಕ್ರಮ ಬಂದೂಕುಗಳು ಸಿಗದೆಹೋಗುತ್ತವೆ ಎಂಬುದು ಸುಧಾರಣೆಯ ವಿರೋಧಿಗಳ ಪ್ರಬಲ ವಾದ. ಕೆಲವೊಮ್ಮೆ ಬಂದೂಕು ಸಿಗುವುದು ನಿಜವೇ. ಆದರೆ ಅದೇ ಫರ್ಗುಸನ್‌ನಲ್ಲಿ ಕಪ್ಪು ಚಾಲಕರನ್ನು ಬಿಳಿಯರಿಗಿಂತ ಎರಡು ಪಟ್ಟಿಗೂ ಮಿಗಿಲಾಗಿ ಶೋಧಿಸಿದರೂ, ಅವರ ಬಳಿ ನಿಷಿದ್ಧ ವಸ್ತು ದೊರೆತ ಪ್ರಮಾಣ ಶೇ 26ರಷ್ಟು ಕಡಿಮೆಯೇ ಇತ್ತು. ಎಂದರೆ ಶೋಧವನ್ನು ನಡೆಸಿದ್ದು ಸುಳಿವಲ್ಲ, ಪೂರ್ವಗ್ರಹ.

ಫಿಲಡೆಲ್ಫಿಯಾ ನಗರಸಭೆ 2021ರಲ್ಲಿ ಎಂಟು ಬಗೆಯ ಸಣ್ಣ ಲೋಪಗಳಿಗಾಗಿಯೇ ವಾಹನ ನಿಲ್ಲಿಸುವುದನ್ನು ನಿರ್ಬಂಧಿಸಿತು. ಲೋಪಕ್ಕೆ ವಿನಾಯಿತಿ ಕೊಡಲಿಲ್ಲ, ಅದನ್ನು ಮುಖಾಮುಖಿಗೆ ನೆಪವಾಗಿಸುವುದನ್ನಷ್ಟೇ ತಡೆಯಿತು. ಮೆಂಫಿಸ್ ನಗರಸಭೆಯೂ 2023ರಲ್ಲಿ ನಿಕೋಲ್ಸ್ ಹೆಸರಿನಲ್ಲಿ ಅಂಥದೇ ಕಾನೂನು ಮಾಡಿತು. ಸ್ಥಳೀಯ ಸ್ವಾತಂತ್ರ್ಯದ ಬಗ್ಗೆ ಸದಾ ಮಾತನಾಡುವ ಟೆನೆಸ್ಸಿಯ ಶಾಸಕರು ಮರುವರ್ಷವೇ, ಮೃತನ ಹೆತ್ತವರ ಮನವಿಯನ್ನೂ ಬದಿಗೊತ್ತಿ, ರಾಜ್ಯ ಕಾನೂನಿನ ಬಲದಿಂದ ಅದನ್ನು ನಿರರ್ಥಕಗೊಳಿಸಿದರು. ಆ ರಾಜ್ಯ ಕಾನೂನು ರದ್ದಾಗಬೇಕು, ತನ್ನ ಬೀದಿಗಳಲ್ಲಿ ಪೊಲೀಸರು ಹೇಗೆ ವರ್ತಿಸಬೇಕೆಂದು ನಿರ್ಧರಿಸುವ ಹಕ್ಕು ಮೆಂಫಿಸ್‌ಗೆ ಮರಳಬೇಕು.