ಕಮಾನು ಬೇಡ, ಆ ಕಾಗದಗಳು ಬೇಕು

ಹಾಲಹಳ್ಳಿಯ ಬೀದರ ವಿಶ್ವವಿದ್ಯಾಲಯದ ಆವರಣದಲ್ಲಿ ಮಹಮೂದ್ ಗವಾನನ ನೆನಪಿಗೊಂದು ಕಲ್ಲಿನ ಕಮಾನು ನಿಲ್ಲಬೇಕು ಎಂಬುದು ಭಾಲ್ಕಿಯ ಗೆಳೆಯನೊಬ್ಬನ ಹಂಬಲ. ಚಹಾಕ್ಕೆ ಕೂತಾಗಲೆಲ್ಲ ಅದೇ ಮಾತು. "ಊರಿಗೊಂದು ಅಗಸಿ ಇರ್ತದ, ವಿಶ್ವವಿದ್ಯಾಲಯಕ್ಕ ಬ್ಯಾಡೇನು?" ಎನ್ನುತ್ತಾನೆ. ನಾನು ಭಾತಂಬ್ರಾದವನು, ಕೋಟೆ ನೋಡುತ್ತ ಬೆಳೆದವನು. ಕಲ್ಲಿನ ಮೇಲೆ ನನಗೂ ಮೋಹವಿದೆ. ಆದರೂ ಈ ಕಮಾನು ಬೇಡವೆಂದೇ ನನ್ನ ವಾದ.

1472ರಲ್ಲಿ ಗವಾನ್ ಕಟ್ಟಿಸಿದ ಬೀದರಿನ ಮದರಸಾಕ್ಕೆ ಇಂದು ಹೆಬ್ಬಾಗಿಲೇ ಇಲ್ಲ. 17ನೇ ಶತಮಾನದ ಕೊನೆಗೆ, ಔರಂಗಜೇಬನ ಕಾಲದಲ್ಲಿ, ಒಳಗಿಟ್ಟಿದ್ದ ಮದ್ದು ಸಿಡಿದು ಬಾಗಿಲು, ಎರಡು ಮಿನಾರುಗಳಲ್ಲಿ ಒಂದು, ಮುಂಭಾಗದ ಒಂದಷ್ಟು ಗೋಡೆ ಹೋದವು. ಮೂರು ಅಂತಸ್ತಿನ ಉಳಿದ ಗೋಡೆಗೆ ಅಲ್ಲಲ್ಲಿ ಬಣ್ಣದ ಬಿಲ್ಲೆಗಳು ಇನ್ನೂ ಅಂಟಿಕೊಂಡಿವೆ. ಬಾಗಿಲಿಲ್ಲದೆ ಮುನ್ನೂರು ವರ್ಷವಾದರೂ ಜನ ಅದನ್ನು ಮದರಸಾ ಎಂದೇ ಕರೆಯುತ್ತಾರೆ. ಶಾಲೆಯ ಪ್ರವಾಸದಲ್ಲಿ ನಾವು ಅಲ್ಲಿ ಬುತ್ತಿ ಬಿಚ್ಚಿ ಉಂಡು ಬಂದೆವು. ಗವಾನ್ ಯಾರೆಂದು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಗಿಲಾನಿನಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಪ್ರಧಾನಿಯಾದವನು ಆತ. ಕಾಗದ ಬರೆಯುವುದರಲ್ಲಿ ನಿಸ್ಸೀಮ. ಒಟ್ಟೋಮನ್ ಸುಲ್ತಾನನಿಗೆ, ಹೆರಾತಿನ ಕವಿ ಜಾಮಿಗೆ ಬರೆದವೆಲ್ಲ 'ರಿಯಾಜ್-ಉಲ್-ಇನ್ಶಾ' ಎಂಬ ಸಂಗ್ರಹದಲ್ಲಿವೆ. ಜಾಮಿಯನ್ನು ಬೀದರಿಗೆ ಕರೆದಿದ್ದ, ಕವಿ ಬರಲಿಲ್ಲ. ಇಂಥವನ ತಲೆ ಹೋದದ್ದೂ ಕಾಗದದಿಂದಲೇ. ಅವನ ಮುದ್ರೆಯಿದ್ದ ಖಾಲಿ ಹಾಳೆಯ ಮೇಲೆ ವೈರಿಗಳು ಒರಿಸ್ಸಾದ ರಾಜನಿಗೆ ದ್ರೋಹದ ಪತ್ರ ಬರೆದರು. ಮೂರನೆಯ ಮುಹಮ್ಮದ್ ಷಾ ಅದನ್ನು ನಂಬಿ 1481ರಲ್ಲಿ ಅವನನ್ನು ಕೊಲ್ಲಿಸಿದ.

ಆ ಕಾಗದಗಳನ್ನು ನಾನು ಓದಿಲ್ಲ. ನನಗೆ ಫಾರಸಿ ಬರುವುದಿಲ್ಲ. ಬೀದರಿನ ಚರಿತ್ರೆಯ ಮೇಲೆ ಪಿಎಚ್.ಡಿ. ಮಾಡುವವನು ಹೇಳಿಕೊಳ್ಳುವ ಮಾತಲ್ಲ ಇದು, ಆದರೆ ನಿಜ. ಹಾರೂನ್ ಖಾನ್ ಶೇರ್ವಾನಿ 1942ರಲ್ಲಿ ಇಂಗ್ಲಿಷಿನಲ್ಲಿ ಬರೆದ ಗವಾನನ ಚರಿತ್ರೆಯನ್ನು ಹಿಡಿದು ನನ್ನ ಅಧ್ಯಾಯ ಸಾಗುತ್ತಿದೆ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ಮನೆಗೆ ಮರಳುವಷ್ಟು ಹತ್ತಿರದ ಊರಿನ ಮನುಷ್ಯ ನನಗೆ ಇನ್ನೊಬ್ಬರ ಬಾಯಿಂದಲೇ ಕೇಳಿಸಬೇಕು. ಇಪ್ಪತ್ತೆಂಟನೆಯ ವಯಸ್ಸಿಗೆ, ರಾತ್ರಿ ಹೊತ್ತು, ಮೊಬೈಲ್ ಮುಂದಿಟ್ಟುಕೊಂಡು ಅಲಿಫ್, ಬೇ ತಿದ್ದುತ್ತಿದ್ದೇನೆ.

"ಕಮಾನ್ ನೋಡಿ ಹುಡುಗರು ಇಂವ ಯಾರು ಅಂತ ಕೇಳ್ತಾರ" ಎಂಬುದು ಗೆಳೆಯನ ಕೊನೆಯ ಅಸ್ತ್ರ. ಕೇಳಲಿ, ಹೇಳುವವರಾರು? ಇಂಥ ಕಲ್ಲುಗಳ ಮೇಲೆ ಏನಿರುತ್ತದೆಂದು ನಮಗೆಲ್ಲ ಗೊತ್ತು. ನೆನೆಯಬೇಕಾದವನಿಗೆ ಒಂದು ಸಾಲು. ಉದ್ಘಾಟಕರು, ಅಧ್ಯಕ್ಷರು, ಘನ ಉಪಸ್ಥಿತರಿಗೆ ಹದಿನೈದು ಸಾಲು.

ವಿಶ್ವವಿದ್ಯಾಲಯ ಹುಟ್ಟಿದ್ದು 2023ರಲ್ಲಿ, ಇನ್ನೂ ಎಳೆಯದು. ಕಮಾನಿಗೆ ಸುರಿಯುವ ದುಡ್ಡಿದ್ದರೆ ಅದರಲ್ಲಿ ಒಬ್ಬ ಫಾರಸಿ ಮಾಸ್ತರರನ್ನು ನೇಮಿಸಿ. ಔರಾದಿನಿಂದಲೋ ಹುಲಸೂರಿನಿಂದಲೋ ಬರುವ ನಾಲ್ಕು ಹುಡುಗ ಹುಡುಗಿಯರು ಅವರೆದುರು ಕೂರಲಿ. ವರ್ಷಕ್ಕೆ ಹತ್ತೇ ಕಾಗದ ಕನ್ನಡಕ್ಕೆ ಬರಲಿ, ಜಾಮಿಗೆ ಬರೆದದ್ದು ಮೊದಲು.